ಗಿರಣಿ ಸಾಲಿನ ಚಪ್ಪಟೆ ಜೇಡಗಳು

ಕಣ್ಣಿನ ಡಾಕ್ಟರು ಒಳ್ಳೆಯವರೇ, ಆದರೆ ಸುತ್ತಿ ಬಳಸಿ ಮಾತಾಡುವವರಲ್ಲ. ಯಂತ್ರದ ಹಿಂದಿನಿಂದ ತಲೆ ಎತ್ತಿ, "ನೋಡಿ ಯಜಮಾನ್ರೇ, ಹೋಗಿರೋ ದೃಷ್ಟಿ ವಾಪಸ್ ಬರಲ್ಲ. ಅಂಚಿನಲ್ಲಿ ಅಷ್ಟೋ ಇಷ್ಟೋ ಉಳಿದಿದೆಯಲ್ಲ, ಅದನ್ನ ಕಾಪಾಡ್ಕೊಳ್ಳೋಣ" ಎಂದರು. ಅಣ್ಣ "ಆಯ್ತು ಡಾಕ್ಟ್ರೇ, ತುಂಬಾ ಉಪಕಾರ ಆಯ್ತು" ಎಂದು ಮೂಲೆಯಲ್ಲಿ ನೇತು ಹಾಕಿದ್ದ ಬಿಳಿ ಕೋಟಿಗೆ ಕೈ ಮುಗಿದು ಹೊರಟ. ಡಾಕ್ಟರು ನಗಲಿಲ್ಲ. ಕೈ ಹಿಡಿದುಕೊಂಡಿದ್ದ ತಂಗಿಯೂ ನಗಲಿಲ್ಲ.

ತಂಗಿಯನ್ನು ಎಲ್ಲರೂ ಕರೆಯುವುದು ಮುತ್ತಕ್ಕ ಎಂದು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದು ಪಿಂಚಣಿ ಕಾಗದದ ಮೇಲೆ ಮಾತ್ರ ಉಳಿದಿದೆ. ಮೂವತ್ತೊಂದು ವರ್ಷ ಅವಳು ಸತ್ತ ಹುಳು ಹುಪ್ಪಟೆಗಳನ್ನು ಸೀಸೆಯಲ್ಲಿ ಕಾಪಿಡುವ ಸಂಗ್ರಹಾಲಯದಲ್ಲಿ ಆ ಸೀಸೆಗಳಿಗೆ ಚೀಟಿ ಬರೆದಳು. ಹೆಬ್ಬೆರಳುಗುರಿನಷ್ಟು ಕಾಗದದ ಮೇಲೆ ನಾಲ್ಕು ಸಾಲು, ಒಂದೊಂದು ಅಕ್ಷರವೂ ಮುತ್ತು ಪೋಣಿಸಿದ ಹಾಗೆ. ಅದಕ್ಕೇ ಆ ಹೆಸರು. ಹೆಸರು ಕೇಳಿದಾಗಲೆಲ್ಲ ಅವಳಿಗೆ ಒಳಗೊಳಗೇ ಹಿಗ್ಗು ಕೂಡ ಆಗುತ್ತಿತ್ತು. ಆ ಹಿಗ್ಗೇ ಮುಂದೆ ಅವಳ ತಲೆಯ ಮೇಲೆ ಕಲ್ಲು ಹಾಕಿತು.

ಬೀದಿಗೆ ಇಳಿದ ಮೇಲೆ ಅಣ್ಣ ಗೋಡೆಯ ಪಕ್ಕದಲ್ಲೇ, ಗೋಡೆಗೆ ಬೆರಳು ತಾಗಿಸಿಕೊಂಡು ನಡೆದ.

"ಇನ್ನು ನಂಗೆ ಎಲ್ಲಾ ಗೋಡೆನೂ ಒಂದೇ ಬಿಡು ಪುಟ್ಟೀ" ಎಂದ. "ಬೇಜಾರೇನಿಲ್ಲ ಕಣೇ. ಕಣ್ಣು ನೆಟ್ಟಗಿದ್ದಾಗ ಮಾತ್ರ ನಾನು ಏನು ಕಡಿದು ಕಟ್ಟೆ ಹಾಕ್ದೆ? ಒಂದೇ ಜಾತಿ ಜೇಡನ ಎರಡು ಜಾತಿ ಅಂದ್ಕೊಂಡು ಹತ್ತು ವರ್ಷ ಕುಣಿದೋನು ತಾನೇ. ಇಂಥಾ ಕಣ್ಣು ಹೋದ್ರೆ ಏನು ನಷ್ಟ?"

ಹೇಳಿ ತಾನೇ ನಕ್ಕ. ಈ ಮಾತನ್ನು ಅವನು ಇಪ್ಪತ್ಮೂರು ವರ್ಷಗಳಲ್ಲಿ ನೂರು ಸಲ ಹೇಳಿದ್ದಾನೆ. ಅವಳು ನೂರು ಸಲವೂ ಪಾತ್ರೆ ತೊಳೆಯುವ ನೆಪದಲ್ಲೋ ಬಟ್ಟೆ ಮಡಿಸುವ ನೆಪದಲ್ಲೋ ಮುಖ ತಿರುಗಿಸಿದ್ದಾಳೆ. ಇವತ್ತು ತಿರುಗಿಸಲು ಎಲ್ಲೂ ಜಾಗವಿರಲಿಲ್ಲ. ತಿರುಗಿಸಿದರೂ ತಿರುಗಿಸದಿದ್ದರೂ ಅವನಿಗೆ ಅವಳ ಮುಖ ಕಾಣುತ್ತಿರಲಿಲ್ಲ, ಆ ಮಾತು ಬೇರೆ. ಮನೆ ಸೇರುವಷ್ಟರಲ್ಲಿ ಹೇಳಿಬಿಡಬೇಕು ಎಂದುಕೊಂಡಳು. ಇವತ್ತು ಹೇಳದಿದ್ದರೆ, ತನ್ನ ಕಣ್ಣು ಯಾವತ್ತೂ ಸರಿಯಿರಲಿಲ್ಲ ಎಂದು ನಂಬಿಕೊಂಡೇ ಈ ಮನುಷ್ಯ ಕುರುಡಾಗಿ ಕೂತುಬಿಡುತ್ತಾನೆ.

ಅಣ್ಣ ಕರೆಂಟಿನ ಮೀಟರು ಓದುವ ಕೆಲಸದಲ್ಲಿದ್ದ. ಮನೆ ಮನೆಗೆ ಹೋಗಿ, ಬಾಗಿಲ ಪಕ್ಕದ ಪೆಟ್ಟಿಗೆ ತೆರೆದು, ಅಂಕಿ ಬರೆದುಕೊಂಡು ಬರುವುದು. ಆ ಪೆಟ್ಟಿಗೆಗೂ ಗೋಡೆಗೂ ನಡುವೆ ಒಂದು ಕಾಗದ ತೂರುವಷ್ಟು ಸಂದು ಇರುತ್ತದಲ್ಲ, ಅಲ್ಲಿ ಹಗಲೆಲ್ಲ ಅಂಟಿಕೊಂಡು ಕೂರುವ ಒಂದು ಜೇಡ ಉಂಟು. ಬಲೆ ಕಟ್ಟುವುದಿಲ್ಲ. ಮೈ ಇಸ್ತ್ರಿ ಹಾಕಿದಷ್ಟು ಚಪ್ಪಟೆ, ಕಾಲು ಎಂಟೂ ಪಕ್ಕಕ್ಕೆ ಚಾಚಿಕೊಂಡಿರುತ್ತವೆ, ಬಣ್ಣ ಹಳೆಯ ಗೋಡೆಯದೇ. ಕತ್ತಲಾದ ಮೇಲೆ ಹೊರಗೆ ಬಂದು ಗೋಡೆಯ ಮೇಲೆಯೇ ಬೇಟೆಯಾಡುತ್ತದೆ. ಮುಟ್ಟಲು ಹೋದರೆ ಎತ್ತ ಓಡಿತು ಎನ್ನುವುದೂ ತಿಳಿಯುವುದಿಲ್ಲ. ಉಳಿದ ಮೀಟರಿನವರು ಅದನ್ನು ಕಂಡರೆ ಪುಸ್ತಕದಿಂದ ಹೊಡೆಯುತ್ತಿದ್ದರು. ಇವನಿಗೆ ಅದರ ಹುಚ್ಚು ಹಿಡಿಯಿತು.

ಹುಚ್ಚು ಎಂದರೆ ಸಣ್ಣ ಹುಚ್ಚಲ್ಲ. ಶಾಲೆ ಬಿಟ್ಟ ಮೇಲೆ ಪುಸ್ತಕ ಮುಟ್ಟದ ಮನುಷ್ಯ, ಸಂಗ್ರಹಾಲಯದವರನ್ನು ಪೀಡಿಸಿ ಓದಿಕೊಂಡ. ಭೂತಗನ್ನಡಿ ಕೊಂಡ. ಹತ್ತು ಮನೆಗೆ ಎರಡು ತಾಸು. ಜನ ಬಾಗಿಲಲ್ಲಿ ನಿಂತು, "ಏನ್ ಸ್ವಾಮೀ, ಮೀಟರೊಳಗೆ ಇಳಿದುಬಿಟ್ರಾ?" ಎಂದು ಕೇಳುತ್ತಿದ್ದರು. ಹೀಗೆ ನೋಡುತ್ತಾ ನೋಡುತ್ತಾ ಅವನ ಕಣ್ಣಿಗೆ ಒಂದು ಸಂಗತಿ ಬಿತ್ತು. ಹೆಣ್ಣು ಜೇಡಕ್ಕೆ ಹೊಟ್ಟೆಯಡಿ ಸಾಸಿವೆಯಷ್ಟು ಗಟ್ಟಿ ತಟ್ಟೆಯಿರುತ್ತದೆ. ಊರಿನ ಎಲ್ಲ ಗೋಡೆಯ ಜೇಡಕ್ಕೂ ಅದರಲ್ಲಿ ಎರಡು ಗುಳಿ. ಹಳೆಯ ಗಿರಣಿಯ ಕೂಲಿಗಳಿಗೆಂದು ಕಟ್ಟಿದ ಸಾಲುಮನೆಗಳಿದ್ದವಲ್ಲ, ಆ ಗೋಡೆಯವಕ್ಕೆ ಮಾತ್ರ ಒಂದೇ ಗುಳಿ. ಬೇರೆಲ್ಲೂ ಒಂದು ಗುಳಿಯದು ಇಲ್ಲ, ಅಲ್ಲಿ ಎರಡು ಗುಳಿಯದು ಇಲ್ಲ. ಹಾಗಾದರೆ ಅದು ಬೇರೆಯೇ ಜಾತಿ, ಯಾರೂ ಇನ್ನೂ ಹೆಸರಿಡದ್ದು, ಎಂದು ಅಣ್ಣ ಹೇಳಿದ. ಕೇಳಿದವರು ತಲೆಯಾಡಿಸಿದರು. ಮೀಟರು ಓದುವವನ ಮಾತಿಗೆ ಅದಕ್ಕಿಂತ ಹೆಚ್ಚು ಯಾರು ಏನು ಮಾಡುತ್ತಾರೆ?

ಅವನು ಬಿಡಲಿಲ್ಲ. ಗಿರಣಿ ಸಾಲಿನ ಸೀಸೆಗಳು ಬಲ ಜೇಬಿಗೆ, ಉಳಿದ ಬೀದಿಯವು ಎಡ ಜೇಬಿಗೆ. ಪ್ರತಿ ಸೀಸೆಗೂ ಒಂದು ತುಂಡು ಕಾಗದ ಸುತ್ತಿ, ಬೀದಿ, ಮನೆ ನಂಬರು, ತಾರೀಕು ಗೀಚಿ ತಂಗಿಗೆ ಕೊಡುತ್ತಿದ್ದ. ಅವಳು ಅದನ್ನು ಚೀಟಿಗೆ ಇಳಿಸಿ, ಒಣಗಿಸಿ, ಸ್ಪಿರಿಟ್ಟಿನಲ್ಲಿ ಜೇಡದ ಪಕ್ಕಕ್ಕೇ ಮುಳುಗಿಸುತ್ತಿದ್ದಳು. ಚೀಟಿ ಒಳಗಿಳಿದ ಮೇಲೆ ತುಂಡು ಕಾಗದ ಹರಿದು ಬುಟ್ಟಿಗೆ. ಅವಳ ಮೇಜು ಯಾವಾಗಲೂ ಅಚ್ಚುಕಟ್ಟು.

ಆ ಕೆಲಸದ ಕಟ್ಟುನಿಟ್ಟು ಒಂದೇ: ಚೀಟಿಯನ್ನು ಸ್ಪಿರಿಟ್ಟಿಗೆ ಜಗ್ಗದ ಕಪ್ಪು ಶಾಯಿಯಲ್ಲಿ ಬರೆಯಬೇಕು. ಅದು ಇಲ್ಲದಿದ್ದರೆ ಪೆನ್ಸಿಲ್ಲು. ಎಲ್ಲಿ ಸಿಕ್ಕಿತೆಂದು ಬರೆಯದ ಜೇಡ ಬರೀ ಸತ್ತ ಜೇಡ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಇದನ್ನು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಾರೆ. ಮುತ್ತಕ್ಕನೇ ಹೇಳಿಕೊಡುತ್ತಿದ್ದಳು.

ಒಂದು ವಾರ ಕಪ್ಪು ಶಾಯಿ ಮುಗಿದಿತ್ತು. ಉಗ್ರಾಣದವರು ಸೋಮವಾರ ಬರುತ್ತದೆ ಎಂದರು. ಅಣ್ಣ ಗಿರಣಿ ಸಾಲಿನವೂ ಬೇರೆ ಬೀದಿಯವೂ ಸೇರಿ ಅರವತ್ತನಾಲ್ಕು ಸೀಸೆ ತಂದು ಮೇಜಿನ ಮೇಲೆ ಸುರಿದಿದ್ದ. ಗಿರಣಿ ಸಾಲನ್ನು ಕೆಡವುತ್ತಾರಂತೆ, ಅದಕ್ಕೇ ಸಿಕ್ಕಿದ್ದನ್ನೆಲ್ಲ ಬಾಚಿ ತಂದಿದ್ದೇನೆ, ಬೇಗ ಬರಿ ಬೇಗ ಬರಿ ಎಂದು ಜೀವ ತಿಂದ. ಪೆನ್ಸಿಲ್ಲಿನಲ್ಲಿ ಬರೆಯಬಹುದಿತ್ತು. ಆದರೆ ಪೆನ್ಸಿಲ್ಲಿನಲ್ಲಿ ಅಕ್ಷರಕ್ಕೆ ಕಳೆ ಬರುವುದಿಲ್ಲವಲ್ಲ! ಮುತ್ತಕ್ಕನ ಚೀಟಿ ಮಂಕಾಗಿ ಕಾಣುವುದುಂಟೇ? ಸಾಮಾನ್ಯ ಪೆನ್ನಿನ ಶಾಯಿಯಲ್ಲೇ ಬರೆದಳು. ಒಂದು ವಾರದಲ್ಲಿ ಏನೂ ಆಗುವುದಿಲ್ಲ, ಸೋಮವಾರ ಕಪ್ಪು ಶಾಯಿ ಬಂದ ಕೂಡಲೇ ಈ ಚೀಟಿಗಳನ್ನೇ ನೋಡಿಕೊಂಡು ಮತ್ತೆ ಬರೆದರಾಯಿತು ಎಂದುಕೊಂಡಳು. ಅರವತ್ತನಾಲ್ಕು ತುಂಡು ಕಾಗದವನ್ನು ಅಭ್ಯಾಸ ಬಲದಿಂದ ಹರಿದು ಬುಟ್ಟಿಗೆ ಹಾಕಿದಳು.

ಆ ಭಾನುವಾರ ಪುಸ್ತಕ ಕಟ್ಟುವವನು ಮನೆಗೆ ಬಂದ. ಸಂಗ್ರಹಾಲಯದ ಪಕ್ಕದ ಗ್ರಂಥಾಲಯದಲ್ಲಿ ಕೆಲಸ, ಮೆತ್ತಗೆ ಮಾತಾಡುವವನು, ಎರಡು ವರ್ಷದಿಂದ ಮುತ್ತಕ್ಕನ ಜೊತೆ ಮಧ್ಯಾಹ್ನದ ಟೀ ಕುಡಿಯುತ್ತಿದ್ದವನು. ಅವಳಿಗೂ ವಯಸ್ಸು ಮೂವತ್ತೇಳಾಗಿತ್ತು. ಅಣ್ಣನ ಹತ್ತಿರ ಮಾತಾಡಿಬಿಡುತ್ತೇನೆ ಎಂದು ಇಸ್ತ್ರಿ ಷರ್ಟು ಹಾಕಿಕೊಂಡು ಬಂದಿದ್ದ. ಮಾತು ಇನ್ನೇನು ಬಾಯಿಗೆ ಬರಬೇಕು, ಅಣ್ಣ ಅವನ ತಲೆಯ ಹಿಂದಿನ ಗೋಡೆ ನೋಡಿ, "ಅಲ್ಲಾಡಬೇಡಿ! ಉಸಿರೂ ಬಿಡಬೇಡಿ!" ಎಂದು ಗಾಜಿನ ಲೋಟ ಹಿಡಿದು ಅವನ ಮೇಲೆಯೇ ಹಾರಿದ. ಪುಸ್ತಕ ಕಟ್ಟುವವನಿಗೆ ಜೇಡವೆಂದರೆ ಪ್ರಾಣಭಯವಂತೆ, ಯಾರಿಗೆ ಗೊತ್ತಿತ್ತು? ಕುರ್ಚಿ ಬಿತ್ತು, ಟೀ ಚೆಲ್ಲಿತು, ಜೇಡ ಅವನ ಕಾಲರಿನೊಳಗೆ ಹೋಯಿತು. ಅವನು ಬೀದಿಯಲ್ಲಿ ಷರ್ಟು ಬಿಚ್ಚಿ ಒದರಿಕೊಂಡು ಹೋದವನು ಮತ್ತೆ ಬರಲಿಲ್ಲ. ಟೀ ಕುಡಿಯಲೂ ಬರಲಿಲ್ಲ. ಎರಡು ತಿಂಗಳಲ್ಲಿ ಬೇರೆ ಊರಿಗೆ ವರ್ಗ ಮಾಡಿಸಿಕೊಂಡ. ಒಂದು ಜೇಡಕ್ಕೆ ಓಡಿಹೋಗುವ ಗಂಡನಿಂದ ಯಾವ ಸುಖ ಎಂದು ನಾವು ಸುಲಭವಾಗಿ ಹೇಳಬಹುದು. ಅವಳಿಗೆ ಆಗ ಹಾಗೆ ಅನ್ನಿಸಲಿಲ್ಲ.

ಮೂರು ವಾರ ಅವಳು ಅಣ್ಣನ ಜೊತೆ ಮಾತು ಬಿಟ್ಟಳು. ಮರುದಿನ ಸೋಮವಾರ ಕಪ್ಪು ಶಾಯಿ ಬಂತು. ಅವನ ಸೀಸೆಗಳ ಪೆಟ್ಟಿಗೆಯನ್ನು ಕಾಲಿನಿಂದ ಮೇಜಿನಡಿಗೆ ತಳ್ಳಿ, ಕಾಯಲಿ ಎಂದಳು. ಚೀಟಿಗಳು ಅಲ್ಲಿ ಏನಾಗುತ್ತಿವೆ ಎಂದು ಅವಳಿಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಪ್ರತಿ ದಿನ ನಾಳೆ ಬರೆಯೋಣ ಎನ್ನುತ್ತಿದ್ದಳು, ಪ್ರತಿ ದಿನ ಆ ಚೆಲ್ಲಿದ ಟೀ ನೆನಪಾಗುತ್ತಿತ್ತು. ಕೊನೆಗೆ ಸಿಟ್ಟು ಇಳಿದು ಪೆಟ್ಟಿಗೆ ತೆರೆದಾಗ ಸ್ಪಿರಿಟ್ಟು ತಿಳಿನೀಲಿಯಾಗಿತ್ತು, ಚೀಟಿಗಳು ತೊಳೆದಷ್ಟು ಬೆಳ್ಳಗಿದ್ದವು. ಅಷ್ಟರಲ್ಲಿ ಗಿರಣಿ ಸಾಲೂ ನೆಲಸಮವಾಗಿತ್ತು. ಇನ್ನೊಂದು ಜೇಡ ತರೋಣ ಎಂದರೆ ಗೋಡೆಯೇ ಇಲ್ಲ.

ಆಗಲಾದರೂ ಅಣ್ಣನಿಗೆ ಹೇಳಿದ್ದರೆ ಅವನು ಭೂತಗನ್ನಡಿ ಹಿಡಿದು ಎಷ್ಟನ್ನೋ ವಿಂಗಡಿಸುತ್ತಿದ್ದ, ಎಷ್ಟನ್ನೋ ನೆನಪಿನಿಂದ ಹೇಳುತ್ತಿದ್ದ, ಇವು ಗೊತ್ತಿಲ್ಲ ಎಂದು ಉಳಿದವನ್ನು ಪಕ್ಕಕ್ಕಿಡುತ್ತಿದ್ದ. ಅವಳು ಹೇಳಲಿಲ್ಲ. ಸಂಗ್ರಹಾಲಯದಲ್ಲಿ ತಿಳಿದರೆ ಮಾನ ಹೋಗುತ್ತದೆ, ಮುತ್ತಕ್ಕ ಶಾಯಿ ತಪ್ಪಿದಳು ಎಂದು ನಿನ್ನೆ ಮೊನ್ನೆ ಬಂದವರೂ ನಗುತ್ತಾರೆ. ಕಪ್ಪು ಶಾಯಿ ತೆಗೆದುಕೊಂಡು ಅರವತ್ತನಾಲ್ಕು ಹೊಸ ಚೀಟಿ ಬರೆದಳು. ಒಂದಷ್ಟು ನೆನಪಿನಿಂದ, ಮಿಕ್ಕಿದ್ದು ಅಂದಾಜಿನಿಂದ. ಅವನ ದಿನದ ದಾರಿ ಅವಳಿಗೆ ಗೊತ್ತಿತ್ತು, ಬೀದಿಗಳನ್ನು ಹಂಚಿದಳು. ಜೇಡಗಳನ್ನು ನೋಡಿ ಹಂಚಬೇಕು ಎನ್ನುವುದು ಅವಳಿಗೆ ಹೊಳೆಯಲೇ ಇಲ್ಲ. ಅಷ್ಟು ವರ್ಷ ಸೀಸೆ ಹಿಡಿದರೂ ಅವಳು ನೋಡಿದ್ದು ಚೀಟಿಯನ್ನೇ. ಅಕ್ಷರಗಳು ಮಾತ್ರ ಎಂದಿಗಿಂತ ಚೆನ್ನಾಗಿ ಬಂದವು.

ಮರು ವರ್ಷ ಅಣ್ಣನ ಪತ್ರಗಳಿಗೆ ಓಗೊಟ್ಟು ದೂರದಿಂದ ಒಬ್ಬ ಜೇಡತಜ್ಞೆ ಬಂದರು. ಎರಡು ದಿನ ಕೂತು ಎಲ್ಲ ಸೀಸೆ ನೋಡಿದರು. ಮೂರನೆಯ ದಿನ ಬಹಳ ಮರ್ಯಾದೆಯಿಂದ, "ಒಂದು ಗುಳಿಯದು ಗಿರಣಿ ಸಾಲಲ್ಲೂ ಇದೆ, ಬೇರೆ ಆರು ಬೀದಿಲೂ ಇದೆ. ಎರಡು ಗುಳಿಯದೂ ಎರಡೂ ಕಡೆ ಇದೆ. ಒಂದೇ ಮನೆಯಲ್ಲಿ ಒಬ್ಬರಿಗೆ ಮಚ್ಚೆ ಇರುತ್ತೆ, ಒಬ್ಬರಿಗೆ ಇರಲ್ಲ ನೋಡಿ, ಹಾಗೆ. ಇದು ಬೇರೆ ಜಾತಿ ಅಲ್ಲ" ಎಂದರು. ಅಣ್ಣ ಒಂದೊಂದೇ ಸೀಸೆ ಎತ್ತಿ ಬೆಳಕಿಗೆ ಹಿಡಿದ. ಮುಖ ಬಿಳಿಚಿಕೊಂಡಿತ್ತು. ಚೀಟಿ ತಪ್ಪಿರಬಹುದೇ ಎಂದು ಅವರೇ ಕೇಳಿದರು. ಅವನು ಕೂಡಲೇ, "ಇಲ್ಲ ಇಲ್ಲ, ಅದು ನನ್ನ ತಂಗಿ ಬರೆದಿದ್ದು, ಅದ್ರಲ್ಲಿ ತಪ್ಪಾಗಲ್ಲ. ನಾನೇ ಎಲ್ಲೋ ಜೇಬು ಅದಲು ಬದಲು ಮಾಡ್ಕೊಂಡಿರಬೇಕು, ಇಲ್ಲಾ ನನ್ನ ಕಣ್ಣೇ ಮೋಸ ಮಾಡಿರಬೇಕು" ಎಂದ. ಮುತ್ತಕ್ಕ ಬಾಗಿಲ ಹತ್ತಿರ ಟೀ ತಟ್ಟೆ ಹಿಡಿದು ನಿಂತಿದ್ದಳು. ಅವಳು ತಟ್ಟೆ ಇಟ್ಟು ಹೊರಗೆ ಹೋದಳು.

ಅವತ್ತಿನಿಂದ ಅಣ್ಣ ಗೋಡೆ ನೋಡುವುದನ್ನು ಬಿಟ್ಟ. ಪೆಟ್ಟಿಗೆ ತೆರೆದ, ಅಂಕಿ ಬರೆದ, ಮುಚ್ಚಿದ. ಇಡೀ ಬೀದಿ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಕೆಲಸದಲ್ಲಿ ಚುರುಕು ಎಂದು ಇಲಾಖೆಯವರು ಹೊಗಳಿ ಒಂದು ಪತ್ರವನ್ನೂ ಕೊಟ್ಟರು. ಮದುವೆ ಗಿದುವೆ ಅವನೂ ಮಾಡಿಕೊಂಡಿರಲಿಲ್ಲ. ಅಣ್ಣ ತಂಗಿ ಒಂದೇ ಸೂರಿನಡಿ ಇಪ್ಪತ್ಮೂರು ವರ್ಷ ಕಳೆದರು, ಜಗಳವಿಲ್ಲ, ಕದನವಿಲ್ಲ. ನೋಡಿದವರು ಇದ್ದರೆ ಹೀಗಿರಬೇಕು ಎಂದರು.

ಇವತ್ತು ಡಾಕ್ಟರ ಹತ್ತಿರದಿಂದ ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಅವಳು ಟೀ ಕೂಡ ಇಡಲಿಲ್ಲ. ಹಿತ್ತಲ ಬಾಗಿಲ ಕಟ್ಟೆಯ ಮೇಲೆ ಅವನನ್ನು ಕೂರಿಸಿ, ತಾನೂ ಪಕ್ಕದಲ್ಲಿ ಕೂತು, ಎಲ್ಲವನ್ನೂ ಹೇಳಿದಳು. ಶಾಯಿ, ಬುಟ್ಟಿಗೆ ಹೋದ ಕಾಗದ, ಮೇಜಿನಡಿಗೆ ತಳ್ಳಿದ ಪೆಟ್ಟಿಗೆ, ಬೆಳ್ಳಗಾದ ಚೀಟಿ, ಅಂದಾಜಿನ ಬೀದಿಗಳು. ಅಳಬಾರದು ಎಂದುಕೊಂಡಿದ್ದಳು, ಅಳಲಿಲ್ಲ. ಅಳುವುದು ಅವನ ಹಕ್ಕು ಎಂದು ಅವಳಿಗೆ ಅನ್ನಿಸಿತ್ತು.

ಅಣ್ಣ ಬೈಯುತ್ತಾನೆ ಎಂದು ಅವಳು ಕಾದಳು. ಬೈದರೆ ಎಷ್ಟು ಚೆನ್ನಾಗಿರುತ್ತದೆ ಎಂದೂ ಅನ್ನಿಸಿತು.

"ಹಾಗಾದ್ರೆ ನನ್ನ ಕಣ್ಣು ಸರಿ ಇತ್ತು?" ಎಂದ.

"ಸರಿ ಇತ್ತು ಅಣ್ಣಾ."

"ಜೇಬು ಅದಲು ಬದಲಾಗಿರ್ಲಿಲ್ಲ?"

"ಇಲ್ಲ."

"ಅಂದ್ರೆ ಅದು ಬೇರೆನೇ ಆಗಿತ್ತು! ನಾನು ಹೇಳಿದ್ದೇ ಸರಿ! ನನ್ನ ಕಣ್ಣು ಸರಿ ಇತ್ತು ಕಣೇ!" ಅವನು ಎದ್ದೇ ನಿಂತ. ತೊಡೆ ತಟ್ಟಿಕೊಂಡು ನಕ್ಕ. ಆ ನಗುವನ್ನು ಅವಳು ಇಪ್ಪತ್ಮೂರು ವರ್ಷದಿಂದ ಕೇಳಿರಲಿಲ್ಲ, ಕೇಳಿಲ್ಲವೆನ್ನುವುದೂ ಅವಳಿಗೆ ಮರೆತುಹೋಗಿತ್ತು. ಇಷ್ಟು ಖುಷಿಯನ್ನು ತಾನು ಒಂದು ಡಬ್ಬಿಯಲ್ಲಿ ಮುಚ್ಚಿ ಇಟ್ಟುಕೊಂಡಿದ್ದೆನಲ್ಲ ಎಂದುಕೊಂಡಳು. ಸಿಟ್ಟಾದರೆ ಕಾಲು ಹಿಡಿದುಕೊಳ್ಳಬಹುದಿತ್ತು. ಈ ನಗುವಿನ ಮುಂದೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ನಗು ತಾನಾಗಿಯೇ ನಿಂತಿತು. "ಯಾವ ವರ್ಷ ಅದು?" ಎಂದು ಕೇಳಿದ. ಹೇಳಿದಳು. ತುಟಿಯಲ್ಲೇ ಲೆಕ್ಕ ಹಾಕಿದ.

"ಅಷ್ಟು ವರ್ಷ ಒಂದು ಗೋಡೆನೂ ನೋಡ್ಲಿಲ್ಲ ಪುಟ್ಟೀ" ಎಂದ. "ದಿನಾ ಅವುಗಳ ಪಕ್ಕದಲ್ಲೇ ಓಡಾಡ್ದೆ. ಎಷ್ಟು ಪೆಟ್ಟಿಗೆ ತೆಗೆದೆ! ಬೇರೆ ಕಡೆ ಇನ್ನೂ ಇದ್ವೋ ಏನೋ, ನೋಡ್ಲೇ ಇಲ್ಲ."

ಅವಳು ಅವನ ಕೈ ಹಿಡಿಯಲು ಹೋದಳು. ಅವನು ಆಗಲೇ ಗೋಡೆಯ ಕಡೆ ತಿರುಗಿದ್ದ. ಹಿತ್ತಲ ಗೋಡೆಗೆ ಒಂದು ಮುರಿದ ಬಾಗಿಲ ಹಲಗೆ ಒರಗಿಸಿಟ್ಟಿತ್ತು, ಅದರ ಅಂಚನ್ನು ಬೆರಳಿನಿಂದ ಹುಡುಕಿದ.

"ಇದನ್ನ ಮೆಲ್ಲಗೆ ಎತ್ತು. ಗಾಜಿನ ಲೋಟ ತಾ, ಒಂದು ರಟ್ಟು ತಾ. ಭೂತಗನ್ನಡಿ ಎಲ್ಲಿದೆ?"

ಭೂತಗನ್ನಡಿ ಅವಳ ಹೊಲಿಗೆ ಡಬ್ಬಿಯಲ್ಲಿತ್ತು, ಸೂಜಿಗೆ ದಾರ ಪೋಣಿಸಲು ಬಳಸುತ್ತಿದ್ದಳು. ತಂದಳು. ಹಲಗೆ ಎತ್ತಿದಾಗ ಗೋಡೆಯ ಮೇಲೆ ಏನೂ ಇಲ್ಲ ಎನ್ನಿಸಿತು. ಆಮೇಲೆ ಗೋಡೆಯ ಒಂದು ಕಲೆಗೆ ಕಾಲುಗಳಿರುವುದು ಕಂಡಿತು. "ಮೇಲಿಂದ ಹೋಗಬೇಡ, ಎದುರಿಂದ ಹೋಗು. ಲೋಟನ ಒತ್ತಿ ಹಿಡಿ. ಈಗ ರಟ್ಟು ತೂರಿಸು, ನಿಧಾನ, ಕಾಲು ಸಿಕ್ಕೊಂಡೀತು" ಎಂದು ಅಣ್ಣ ಹೇಳುತ್ತಾ ಹೋದ. ಎರಡು ಓಡಿಹೋದವು. ಮೂರನೆಯದು ಸಿಕ್ಕಿತು. ಮೈ ತುಂಬಿಕೊಂಡಿದ್ದ ಹೆಣ್ಣು. ಅವನು ಹೇಳಿದ ಹಾಗೆ ಅದನ್ನು ಮದ್ದಿನ ಸೀಸೆಯೊಂದಕ್ಕೆ ಇಳಿಸಿ, ಹಿಂದಿನಿಂದ ಹತ್ತಿ ತುರುಕಿ ಮೆಲ್ಲಗೆ ಅದುಮಿದಳು. ಹೊಟ್ಟೆ ಗಾಜಿಗೆ ತಾಗಿ ನಿಂತಿತು.

"ಬೆಳಕಿಗೆ ತಿರುಗು. ಹೊಟ್ಟೆ ಬುಡದಲ್ಲಿ ಕಂದು ತಟ್ಟೆ ಕಾಣ್ತಾ?"

"ತಾಳು." ಅವಳ ಜೀವಮಾನದಲ್ಲಿ ಸಾವಿರಾರು ಜೇಡ ಅವಳ ಕೈಯಿಂದ ಹಾದು ಹೋಗಿದ್ದವು, ಒಂದನ್ನು ಅವಳು ಸರಿಯಾಗಿ ನೋಡಿದ್ದು ಇದೇ ಮೊದಲು. ಕೂದಲು ಕಂಡಿತು, ಕಾಲಿನ ಬುಡ ಕಂಡಿತು, ಆಮೇಲೆ ತಟ್ಟೆ ಕಂಡಿತು. "ಕಾಣ್ತು."

"ಎಷ್ಟು ಗುಳಿ?"

ಅಣ್ಣ ಉಸಿರು ಬಿಗಿಹಿಡಿದು ಬಾಗಿದ್ದ. ಮುಖ ಇತ್ತ ಇದ್ದರೂ ಕಣ್ಣು ಎತ್ತಲೋ ಇತ್ತು. ಒಂದು ಎಂದುಬಿಟ್ಟರೆ ಸಾಕಿತ್ತು. ಈ ಮನುಷ್ಯ ಇವತ್ತು ಊಟವನ್ನೂ ಮರೆತು ಕುಣಿದಾಡುತ್ತಿದ್ದ. ಅವಳು ಕಣ್ಣೊರೆಸಿಕೊಂಡು ಮತ್ತೆ ನೋಡಿದಳು. ಸೀಸೆ ತಿರುಗಿಸಿ ಮೂರನೆಯ ಸಲ ನೋಡಿದಳು. ಪಕ್ಕ ಪಕ್ಕದಲ್ಲಿ, ಸೂಜಿ ಚುಚ್ಚಿದ ಹಾಗೆ, ಎರಡು.

"ಎರಡು ಅಣ್ಣಾ."

"ಎರಡಾ?"

"ಎರಡು. ಚೆನ್ನಾಗಿ ನೋಡ್ದೆ. ಎರಡೇ."

ಅವನು ನೆಟ್ಟಗಾದ. ಕೈ ಮುಂದೆ ಚಾಚಿದ, ಅವಳು ಸೀಸೆ ಕೊಟ್ಟಳು. ಅದನ್ನು ಕಣ್ಣಿನ ಅಂಚಿಗೆ ತಂದು, ಅತ್ತ ಇತ್ತ ವಾಲಿಸಿ, ಬೆಳಕಿಗೆ ಹಿಡಿದು, ಇಳಿಸಿದ. ಹೆಬ್ಬೆರಳಿನಿಂದ ಗಾಜನ್ನು ಒರೆಸಿದ. ಅವನಿಗೆ ಏನೂ ಕಂಡಿರಲಿಲ್ಲ.

"ಪಕ್ಕದ್ಮನೆ ಟೀಚರಮ್ಮ ಇದ್ದಾರಾ ನೋಡು" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. "ಅವರನ್ನ ಒಂದ್ಸಲ ಕರಿ. ಅವರೂ ನೋಡಿ ಹೇಳ್ಲಿ."

"ನಾನು ನೋಡಿ ಹೇಳಿದ್ನಲ್ಲಣ್ಣಾ. ನಿಜ ಹೇಳ್ತಿದೀನಿ."

"ಹೌದಮ್ಮ. ಆದ್ರೂ ಕರಿ."

ಪುಟ್ಟಿ ಎನ್ನುವುದನ್ನು ಬಿಟ್ಟು, ಹೊರಗಿನವರಿಗೆ ಹೇಳುವ ಹಾಗೆ ಅಮ್ಮ ಎಂದು ಅವನು ಅವಳನ್ನು ಎಂದೂ ಕರೆದಿರಲಿಲ್ಲ. ಅವಳು ಭೂತಗನ್ನಡಿಯನ್ನು ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಕೈಯ ಧೂಳು ಒರೆಸಿಕೊಂಡು, ಮನೆಯೊಳಗೆ ಹಾದು ಬೀದಿಗೆ ಇಳಿದಳು. ಪಕ್ಕದ ಮನೆಯ ಬಾಗಿಲು ತಟ್ಟಿದಳು. ಟೀಚರಮ್ಮ ಕನ್ನಡಕ ಹಾಕಿಕೊಳ್ಳುತ್ತಾ ಬಂದು, "ಏನ್ ಮುತ್ತಕ್ಕ, ಡಾಕ್ಟ್ರು ಏನಂದ್ರು?" ಎಂದು ಕೇಳಿದರು.

"ಅದಲ್ಲ ಟೀಚರೇ, ಸ್ವಲ್ಪ ಬಂದು ಒಂದು ಜೇಡ ನೋಡ್ಬೇಕು" ಎಂದಳು ಮುತ್ತಕ್ಕ. "ಎರಡು ಗುಳಿ ಇದೆ. ಅಣ್ಣಂಗೆ ನಾನು ಹೇಳಿದ್ರೆ ಸಾಲದು, ನೀವೇ ಬಂದು ಹೇಳ್ಬೇಕು."